‘ಪವರ್’ ಎಂಬ ಪದದ ಹಲವು ಅರ್ಥಗಳು

ದೀಪ ಆರಿದರೆ ‘ಪವರ್ ಹೋಯಿತು’ ಎನ್ನುತ್ತೇವೆ; ಕನ್ನಡಕ ಬದಲಾಯಿಸಬೇಕಾದರೆ ‘ಪವರ್ ಹೆಚ್ಚಿತು’ ಎನ್ನುತ್ತೇವೆ. ಚುನಾವಣೆಯಲ್ಲಿ ಗೆದ್ದ ಪಕ್ಷವು ‘ಪವರಿಗೆ ಬಂದಿತು’ ಎನ್ನುವುದೂ ಉಂಟು. ಇಂಗ್ಲಿಷಿನ ಈ ಪುಟ್ಟ ಪದವು ನಮ್ಮ ಮಾತಿನಲ್ಲಿಯೂ ಮನೆಮಾಡಿಕೊಂಡಿದೆ. ಆದರೆ ಎಲ್ಲೆಡೆಯೂ ಅದರ ಅರ್ಥ ಒಂದೇ ಏನು?

ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮುಖಾಂತರ ಇಂಗ್ಲಿಷಿಗೆ ಬಂದ ಪದವಿದು. ‘ಮಾಡಬಲ್ಲವನಾಗಿರುವುದು’ ಎಂಬುದೇ ಅದರ ಮೂಲಾರ್ಥ. ಶಾಸ್ತ್ರಗಳನ್ನು ಪ್ರವೇಶಿಸಿದ ಮೇಲೆ ಅದು ಹಲವು ಕವಲುಗಳಾಗಿ ಒಡೆಯಿತು.

ಮೊದಲು ಗಣಿತವನ್ನು ನೋಡೋಣ. 1570ರಲ್ಲಿ ಹೆನ್ರಿ ಬಿಲ್ಲಿಂಗ್ಸ್‌ಲಿಯು ಯೂಕ್ಲಿಡನ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ, ವರ್ಗವನ್ನು ಸೂಚಿಸುವ ಗ್ರೀಕ್ ಪದಕ್ಕೆ ‘ಪವರ್’ ಎಂಬುದನ್ನೇ ಬಳಸಿದನು. ಇಂದು 2ನ್ನು ಐದು ಸಲ ಬರೆದು ಗುಣಿಸಿದಾಗ ದೊರೆಯುವ 32 ಎಂಬುದು 2ರ ಐದನೆಯ ‘ಪವರ್’. ಕನ್ನಡದಲ್ಲಿ ಇದಕ್ಕೆ ‘ಘಾತ’ವೆಂಬ ಬೇರೆಯ ಪದವೇ ಇರುವುದರಿಂದ ನಮಗೆ ಗೊಂದಲವಿಲ್ಲ.

ಭೌತಶಾಸ್ತ್ರದಲ್ಲಿ ‘ಪವರ್’ ಎಂದರೆ ಕೆಲಸ ನಡೆಯುವ ದರ, ಕನ್ನಡದಲ್ಲಿ ‘ಸಾಮರ್ಥ್ಯ’. 50 ಕಿಲೋಗ್ರಾಂ ಅಕ್ಕಿಯ ಮೂಟೆಯನ್ನು 3 ಮೀಟರ್ ಎತ್ತರದ ಅಟ್ಟಕ್ಕೇರಿಸಲು ಸುಮಾರು 1,470 ಜೂಲ್ ಕೆಲಸವಾಗಬೇಕು. ಒಬ್ಬನು ಇದನ್ನು 10 ಸೆಕೆಂಡಿನಲ್ಲಿಯೂ ಮತ್ತೊಬ್ಬನು 30 ಸೆಕೆಂಡಿನಲ್ಲಿಯೂ ಮುಗಿಸಿದರೆ ಇಬ್ಬರ ಕೆಲಸವೂ ಸಮವೇ. ಆದರೆ ಮೊದಲನೆಯವನ ಸಾಮರ್ಥ್ಯ 147 ವಾಟ್, ಎರಡನೆಯವನದು 49 ವಾಟ್. ಉಗಿಯಂತ್ರವನ್ನು ಕುದುರೆಯ ದುಡಿಮೆಗೆ ಹೋಲಿಸಿ ಅಳೆದ ಜೇಮ್ಸ್ ವಾಟ್‌ನ ಹೆಸರನ್ನು ಈ ಮಾನಕ್ಕೆ ಸೂಚಿಸಿದ್ದು 1882ರಲ್ಲಿ. ಒಂದು ಅಶ್ವಸಾಮರ್ಥ್ಯವು ಸುಮಾರು 746 ವಾಟ್‌ಗಳಿಗೆ ಸಮ.

ಮನೆಯ ವಿದ್ಯುತ್ ಬಿಲ್ಲಿನ ‘ಯೂನಿಟ್’ ಅಳೆಯುವುದಾದರೋ ಸಾಮರ್ಥ್ಯವನ್ನಲ್ಲ, ಬಳಸಿದ ಶಕ್ತಿಯನ್ನು. 1,000 ವಾಟ್‌ನ ಹೀಟರು ಒಂದು ಗಂಟೆ ಉರಿದರೂ 10 ವಾಟ್‌ನ ದೀಪವು ನೂರು ಗಂಟೆ ಉರಿದರೂ ಖರ್ಚು ಒಂದೇ ಯೂನಿಟ್. ಉಳಿತಾಯ ಬಯಸುವವರು ವಾಟ್ ಮತ್ತು ಗಂಟೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡಕದ ‘ಪವರ್’ ಇನ್ನೂ ಬೇರೆ. ಅದು ಮಸೂರವು ಬೆಳಕನ್ನು ಬಾಗಿಸುವ ಪ್ರಮಾಣ. ಮೀಟರಿನಲ್ಲಿ ಹೇಳಿದ ಸಂಗಮದೂರದಿಂದ 1ನ್ನು ಭಾಗಿಸಿದರೆ ಅದು ಡಯಾಪ್ಟರಿನಲ್ಲಿ ದೊರೆಯುತ್ತದೆ. ಅರ್ಧ ಮೀಟರ್ ಸಂಗಮದೂರದ ಮಸೂರಕ್ಕೆ 2 ಡಯಾಪ್ಟರ್. ನಿಮ್ನ ಮಸೂರವಾದರೆ ಋಣಚಿಹ್ನೆ. ಇದು ಕಣ್ಣಿನ ಕಸುವಲ್ಲ, ಅದರ ದೋಷವನ್ನು ಸರಿಪಡಿಸಲು ಬೇಕಾದ ಗಾಜಿನ ಲಕ್ಷಣ. ‘ಪವರ್ ಏರೀತು’ ಎಂದಂಜಿ, ಕರಿಹಲಗೆ ಕಾಣದ ಮಗುವಿಗೂ ಕನ್ನಡಕ ಹಾಕಿಸದ ತಂದೆತಾಯಿಗಳುಂಟು. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯು ನೀಳವಾಗುವುದರಿಂದ ಈ ಅಂಕಿ ಏರುವುದೇ ಹೊರತು ಸರಿಯಾದ ಕನ್ನಡಕವನ್ನು ಧರಿಸಿದ್ದರಿಂದಲ್ಲ.

ಆದುದರಿಂದ ‘ಪವರ್’ ಎಂಬ ಮಾತು ಬಂದಾಗ ವಾಚಕರು ಮುಂದಿರುವ ಮಾನವನ್ನು ಗಮನಿಸಬೇಕು. ವಾಟ್ ಎಂದಿದ್ದರೆ ಕೆಲಸದ ದರ, ಡಯಾಪ್ಟರ್ ಎಂದಿದ್ದರೆ ಮಸೂರ, ಸಂಖ್ಯೆಯ ತಲೆಯ ಮೇಲಿನ ಬರಿಯ ಅಂಕಿಯಾದರೆ ಘಾತ.