ಹುಡಿಗಿಂತ ಸಣ್ಣ ಯಂತ್ರಗಳು: ಡಾ. ನವಕಾಂತ ಭಟ್ಟರ ಕಾರ್ಯ

2022ನೆಯ ಇಸವಿಯ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ಸಾಗಿಸುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ನಾಕೆಯಲ್ಲಿ ಮಳೆಯಿಂದ ನೆನೆದ ರಸ್ತೆಯ ಮೇಲೆ ಜಾರಿ ಅಪ್ಪಳಿಸಿ, ನಾಲ್ವರು ಮೃತರಾದ ದುರ್ವಾರ್ತೆಯನ್ನು ನಮ್ಮ ವಾಚಕರು ಮರೆತಿರಲಾರರು. ಆ ಬಳಿಕ ಉತ್ತರ ಕನ್ನಡಕ್ಕೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಕೂಗು ಜಿಲ್ಲೆಯಲ್ಲೆಲ್ಲ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದೆಂಬದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ಇಂದು ನಾವು ವಾಚಕರ ಲಕ್ಷ್ಯವನ್ನು ಸೆಳೆಯಬೇಕೆಂದಿರುವದು ಅದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿಯ ಕಡೆಗೆ. ಹೊನ್ನಾವರ, ಕುಮಟೆ, ಭಟ್ಕಳಗಳ ಜನ ದೂರದ ಊರಿನ ಹಾದಿ ಹಿಡಿಯುವದು ಯಾವಾಗಲೂ ಶಸ್ತ್ರಚಿಕಿತ್ಸೆಗಾಗಿಯೇ ಅಲ್ಲ. ಎಷ್ಟೋ ಸಲ ಬರಿಯ ಒಂದು ಅಂಕಿಗಾಗಿ ಹೊರಡುವರು: ರಕ್ತದಲ್ಲಿ ಸಕ್ಕರೆ ಎಷ್ಟು, ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಎಂಬ ಅಂಕಿ. ಘಟ್ಟದ ಬುಡದ ಹಳ್ಳಿಯ ಕೂಲಿಕಾರನು ಒಂದು ದಿನದ ಸಂಪಾದನೆಯನ್ನೂ ಬಸ್ಸಿನ ಬಾಡಿಗೆಯನ್ನೂ ಕಳೆದುಕೊಂಡು ಆ ಅಂಕಿಯನ್ನು ತರಬೇಕು. ಇಲ್ಲವೆ ಅದಿಲ್ಲದೆಯೇ ಕಾಲ ಕಳೆಯಬೇಕು. ಎರಡನೆಯದನ್ನೇ ಅವನು ಆರಿಸಿಕೊಂಡರೆ ಯಾರು ದೂರುವರು?

ಇಂಥ ಅಂಕಿಯನ್ನು ರೋಗಿಯ ಮನೆಯ ಜಗಲಿಗೆ ತಂದುಕೊಡುವ ಕಾರ್ಯದಲ್ಲಿ ಅನೇಕ ವರ್ಷ ದುಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಡಾ. ನವಕಾಂತ ಭಟ್ಟರು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ 1989ರಲ್ಲಿ ಪದವಿ ಪಡೆದು, ಮುಂಬಯಿಯ ಐ.ಐ.ಟಿ.ಯಲ್ಲಿ 1992ರಲ್ಲಿ ಉಚ್ಚಪದವಿ ಪಡೆದು, ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿದ್ಯಾಪೀಠದಿಂದ 1996ರಲ್ಲಿ ಡಾಕ್ಟರೇಟು ಗಳಿಸಿದವರು. ಅಲ್ಲಿಯೇ ಮೊಟೊರೋಲಾ ಕಂಪನಿಯ ಸಂಶೋಧನಾಲಯದಲ್ಲಿ ಮೂರು ವರ್ಷ ಕೆಲಸ ಮಾಡಿ, 1999ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಜಮಶೇಟಜಿ ಟಾಟಾ ಅವರ ಔದಾರ್ಯದಿಂದಲೂ ಮೈಸೂರು ಅರಸುಮನೆತನದ ಭೂದಾನದಿಂದಲೂ 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಗೆ ವಿದೇಶದ ಉದ್ಯೋಗವನ್ನು ಬಿಟ್ಟು ಬಂದವರಲ್ಲಿ ಇವರೇ ಮೊದಲಿಗರಲ್ಲ. ಆದರೂ ಆ ಕಾಲದಲ್ಲಿ ವಿದ್ಯಾವಂತ ತರುಣರ ಪ್ರವಾಹ ಯಾವ ದಿಕ್ಕಿಗೆ ಹರಿಯುತ್ತಿತ್ತೆಂಬದನ್ನು ಬಲ್ಲವರು ಈ ಹಿಂದಿರುಗುವಿಕೆಯ ಬೆಲೆಯನ್ನು ಅರಿಯಬಲ್ಲರು.

ಇವರು ಕೈಕೊಂಡ ಶಾಸ್ತ್ರದ ಸ್ವರೂಪವನ್ನು ತುಸು ವಿವರಿಸುವದು ಅವಶ್ಯ. ಸಂವೇದಕವೆಂದರೆ ಒಂದು ಪದಾರ್ಥದ ಇರವನ್ನು ಅರಿತು ಸೂಚನೆ ಕೊಡುವ ಉಪಕರಣ. ಗಣಕಯಂತ್ರದ ಚಿಪ್ಪನ್ನು ಕೊರೆಯುವ ಕ್ರಮದಿಂದಲೇ ಸಿಲಿಕಾನಿನಲ್ಲಿ ಸಣ್ಣ ಹಲಗೆಗಳನ್ನೂ ಪೊರೆಗಳನ್ನೂ ಕೊರೆಯಬಹುದು. ಇವುಗಳಲ್ಲಿ ಅತ್ಯಂತ ಸರಳವಾದದ್ದು ಒಂದು ತುದಿಯಲ್ಲಿ ಮಾತ್ರ ಆಧಾರವಿರುವ ಹಲಗೆ. ದಪ್ಪದಲ್ಲಿ ಅದು ತಲೆಗೂದಲಿನ ಹತ್ತಾರನೆಯ ಒಂದು ಪಾಲು. ಅದರ ಒಂದು ಮೈಗೆ ಬೇಕಾದ ಪದಾರ್ಥವನ್ನು ಮಾತ್ರ ಹಿಡಿಯುವ ಲೇಪವನ್ನು ಬಳಿದರೆ, ಅಣುಗಳು ಬಂದು ಅಂಟಿಕೊಂಡಾಗ, ಬಿಸಿಲಿಗೆ ಹಾಕಿದ ಅಡಿಕೆಯ ಹಾಳೆ ಒಂದು ಮಗ್ಗುಲಿಗೆ ಮುದುಡುವಂತೆ ಹಲಗೆಯು ಬಾಗುವದು. ಆ ಬಾಗನ್ನು ಅಳೆದರಾಯಿತು. 1986ರಲ್ಲಿ ಅಣುಬಲ ಸೂಕ್ಷ್ಮದರ್ಶಕಕ್ಕಾಗಿ ನಿರ್ಮಿಸಿದ ಇಂಥ ಹಲಗೆಗಳು ಗಾಳಿಯ ತೇವಕ್ಕೂ ಬಿಸಿಗೂ ಬಾಗುವದನ್ನು 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಕಂಡರು. ದರ್ಶಕಕ್ಕೆ ಅದು ದೋಷ. ದೋಷವನ್ನೇ ಗುಣವಾಗಿ ಬಳಸಿಕೊಂಡವರಲ್ಲಿ ಕೇರಳದಿಂದ ಅಮೇರಿಕೆಗೆ ಹೋದ ಥಾಮಸ್ ತುಂಡತ್ತರು ಮುಖ್ಯರು. ಮುಂಬಯಿಯ ಐ.ಐ.ಟಿ.ಯಲ್ಲಿ ರಾಮಗೋಪಾಲ ರಾಯರ ಬಳಗವು ಇದೇ ತತ್ತ್ವವನ್ನು ಸ್ಫೋಟಕಗಳನ್ನು ಮೂಸಿ ಹೇಳುವ ಯಂತ್ರಕ್ಕೆ ಅಳವಡಿಸಿತು; 2021ರಲ್ಲಿ ಅದು ಬಳಕೆಗೆ ಬಿಡುಗಡೆಯಾಯಿತು.

ಭಟ್ಟರ ಅನಿಲ ಸಂವೇದಕದಲ್ಲಿ ಹಲಗೆಯ ಸ್ಥಾನವನ್ನು ಪೊರೆಯು ವಹಿಸಿದೆ. ಸತುವಿನ ಆಕ್ಸೈಡಿನಂಥ ಲೋಹದ ಭಸ್ಮವನ್ನು ಚೆನ್ನಾಗಿ ಕಾಯಿಸಿದರೆ, ಅದರ ಮೇಲೆ ಹಾಯುವ ವಿಷಾನಿಲಕ್ಕೆ ತಕ್ಕಂತೆ ಅದರ ವಿದ್ಯುತ್ ನಿರೋಧವು ಬದಲಾಗುವದು. ಕಾಯಿಸುವದೇ ಇಲ್ಲಿಯ ತೊಡಕು: ಬಿಸಿಯೆಲ್ಲ ಸುತ್ತಲಿನ ಸಿಲಿಕಾನಿಗೆ ಸೋರಿಹೋಗಿ ವಿದ್ಯುತ್ತು ವ್ಯರ್ಥವಾಗುವದು. ಆದುದರಿಂದ ಚೆಂಡೆಯ ಮೇಲೆ ಬಿಗಿದ ಚರ್ಮದಂತೆ ಗಾಳಿಯಲ್ಲಿ ತೂಗುವ ಪೊರೆಯನ್ನು ಕೊರೆದು, ಅದರ ನಡುವೆ ಅತಿ ಚಿಕ್ಕ ಒಲೆಯನ್ನು ಕೂಡಿಸುವರು. 2017ರಲ್ಲಿ ಭಟ್ಟರು, ಪ್ರಾಧ್ಯಾಪಕ ರುದ್ರಪ್ರತಾಪರು ಮತ್ತು ಅವರ ಸಂಗಡಿಗರು ಸತುವಿನ ಆಕ್ಸೈಡನ್ನು ಜೇನುಗೂಡಿನ ಆಕಾರದಲ್ಲಿ ಬೆಳೆಯಿಸಿ, ನೂರು ಕೋಟಿ ಪಾಲು ಗಾಳಿಯಲ್ಲಿ 500 ಪಾಲಿನಷ್ಟು ಇಂಗಾಲದ ಮಾನಾಕ್ಸೈಡಿನ ವ್ಯತ್ಯಾಸವನ್ನು ಗುರುತಿಸಬಲ್ಲ ಸಂವೇದಕವನ್ನು ಪ್ರಕಟಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲನ್ನುರಿಸಿ ಮಲಗಿದವರು ಬೆಳಿಗ್ಗೆ ಏಳದೆ ಹೋಗುವದು ಈ ಅನಿಲದಿಂದಲೇ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ರಕ್ತದ ಪರೀಕ್ಷೆಯಲ್ಲಾದರೋ ಬಾಗುವ ಹಲಗೆಯೂ ಇಲ್ಲ, ತೂಗುವ ಪೊರೆಯೂ ಇಲ್ಲ. ಒಂದು ಚಿಕ್ಕ ಪಟ್ಟಿಯ ಮೇಲೆ ವಿದ್ಯುದ್ವಾರಗಳು, ಅವುಗಳ ಮೇಲೆ ಆಯಾ ಪದಾರ್ಥವನ್ನೇ ಹಿಡಿಯುವ ರಾಸಾಯನಿಕ; ಒಂದು ಹನಿ ಬಿದ್ದೊಡನೆ ಹರಿಯುವ ವಿದ್ಯುತ್ತಿನ ಪ್ರಮಾಣವೇ ಅಂಕಿಯಾಗಿ ಕಾಣುವದು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಅನೇಕರ ಮನೆಯಲ್ಲುಂಟಷ್ಟೆ, ಇದರಲ್ಲಿ ಹೊಸದೇನೆಂದು ವಾಚಕರು ಕೇಳಬಹುದು. ಆ ಯಂತ್ರವು ಹೇಳುವದು ಆ ಕ್ಷಣದ ಸಕ್ಕರೆಯನ್ನು ಮಾತ್ರ. ವೈದ್ಯರ ಬಳಿಗೆ ಹೋಗುವ ಹಿಂದಿನ ಎರಡು ದಿನ ಪಾಯಸವನ್ನು ಬಿಟ್ಟು ಒಳ್ಳೆಯ ಅಂಕಿಯನ್ನು ಗಳಿಸುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ! ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿವಸ. ಅಷ್ಟು ಕಾಲ ಅದರ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು ಅಳೆದರೆ ಎರಡು ಮೂರು ತಿಂಗಳ ನಡತೆಯೆಲ್ಲ ಬಯಲಾಗುವದು. ಮೂತ್ರದಲ್ಲಿ ಆಲ್ಬುಮಿನ್ ಅಲ್ಪವಾಗಿ ಸೋರತೊಡಗಿದರೆ ಮೂತ್ರಪಿಂಡಕ್ಕೆ ಹಾನಿ ಮೊದಲಾಯಿತೆಂದು ತಿಳಿಯಬೇಕು. ಆಗ ನೋವೂ ಇಲ್ಲ, ಬಾವೂ ಇಲ್ಲ. ಚಿಕಿತ್ಸೆಗೆ ಮಾತ್ರ ಅದೇ ಸಕಾಲ. ಇಂಥ ಪರೀಕ್ಷೆಗಳಿಗೆ ಪ್ರಯೋಗಶಾಲೆಯ ದೊಡ್ಡ ಯಂತ್ರಗಳೇ ಬೇಕಾಗಿದ್ದವು. ಭಟ್ಟರು ತಮ್ಮ ಶಿಷ್ಯರೊಡನೆ ಇವೆಲ್ಲವನ್ನು ಅಂಗೈಯಲ್ಲಿ ಹಿಡಿಯುವ ಒಂದೇ ಉಪಕರಣಕ್ಕೆ ಇಳಿಸಿದರು. ಅದನ್ನು ತಯಾರಿಸುವದಕ್ಕೆ 2015ರಲ್ಲಿ ಪಾಥ್‌ಶೋಧ್ ಎಂಬ ಕಂಪನಿಯು ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿಯೇ ಹುಟ್ಟಿತು. ಕೊರೋನಾ ಪಿಡುಗಿನ ಕಾಲದಲ್ಲಿ, 2021ರಲ್ಲಿ, ರಕ್ತದಲ್ಲಿಯ ಪ್ರತಿಕಾಯಗಳನ್ನು ಅಳೆಯುವ ಪಟ್ಟಿಯನ್ನೂ ಅದು ಸಿದ್ಧಪಡಿಸಿತು. ಈ ಜೈವಿಕ ಮತ್ತು ಅನಿಲ ಸಂವೇದಕಗಳಿಗಾಗಿ 2018ರಲ್ಲಿ ಭಟ್ಟರಿಗೆ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಪ್ರಶಸ್ತಿಗಿಂತಲೂ ಹೆಚ್ಚಿನದೆಂದು ನಾವು ಎಣಿಸುವದು ಇವರೂ ಇವರ ಸಹೋದ್ಯೋಗಿಗಳೂ ಕಟ್ಟಿದ ಕಾರ್ಯಾಗಾರವನ್ನು. ಇಷ್ಟು ಚಿಕ್ಕ ಯಂತ್ರಕ್ಕೆ ಧೂಳಿನ ಕಣವೊಂದು ಬಂಡೆಯಿದ್ದಂತೆ. ಧೂಳಿಲ್ಲದ ಶುದ್ಧಕೋಣೆಯಿಲ್ಲದೆ ಕೆಲಸ ಆರಂಭಿಸುವಂತೆಯೇ ಇಲ್ಲ. ದೇಶದ ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ವಿ. ಕೆ. ಆತ್ರೆಯವರು ಸೂಕ್ಷ್ಮಯಂತ್ರಗಳ ರಾಷ್ಟ್ರೀಯ ಯೋಜನೆಗೆ ಮುಂದಾಳುಗಳಾದರು. 2006ರಲ್ಲಿ ಕೇಂದ್ರ ಸರಕಾರದ ದ್ರವ್ಯದಿಂದ ಬೆಂಗಳೂರು, ಮುಂಬಯಿಗಳೆರಡರಲ್ಲಿಯೂ ನ್ಯಾನೋ ವಿದ್ಯುನ್ಮಾನದ ಕೇಂದ್ರಗಳು ಆರಂಭವಾದವು. ಬೆಂಗಳೂರಿನ ಶುದ್ಧಕೋಣೆಯ ವಿಸ್ತಾರ ಸುಮಾರು 14,000 ಚದರ ಅಡಿ. ಪರದೇಶದ ಉಪಕರಣವನ್ನು ಕೊಂಡು ತರುವ ರಾಷ್ಟ್ರವು ಅದರ ಪಟ್ಟಿಗಳನ್ನೂ ಕೊನೆಯವರೆಗೆ ಅಲ್ಲಿಂದಲೇ ಕೊಳ್ಳುತ್ತಿರಬೇಕಾಗುವದೆಂಬದನ್ನು ಲೆಕ್ಕ ಬರೆಯುವ ನಮ್ಮ ಅಧಿಕಾರಿಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಂಗೈಯ ಉಪಕರಣವು ಆಸ್ಪತ್ರೆಗೆ ಬದಲಲ್ಲವೆಂಬದನ್ನು ಮಾತ್ರ ಸ್ಪಷ್ಟವಾಗಿ ಹೇಳಿಬಿಡುವೆವು. ಒಡೆದ ತಲೆಯನ್ನೂ ನಿಂತ ಹೃದಯವನ್ನೂ ಅದು ನೇರ್ಪಡಿಸಲಾರದು. ಅದನ್ನು ಮುಂದೆ ಮಾಡಿ ಆಸ್ಪತ್ರೆಯ ಬೇಡಿಕೆಯನ್ನು ಯಾರಾದರೂ ಹಿಂದೆ ಸರಿಸಲೆತ್ನಿಸಿದರೆ ಅದು ಜನತೆಗೆ ಬಗೆದ ವಂಚನೆಯಾಗುವದು. ಪಟ್ಟಿಯು ಕೊಟ್ಟ ಅಂಕಿಯನ್ನು ಓದಿ ಔಷಧವನ್ನು ಬದಲಿಸುವ ವೈದ್ಯನಿಲ್ಲದಿದ್ದರೆ ಆ ಅಂಕಿಯೂ ನಿಷ್ಪ್ರಯೋಜಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಉಪಕರಣ, ದೊಡ್ಡ ಆಸ್ಪತ್ರೆಯಲ್ಲಿ ತಜ್ಞ: ಮೂರೂ ಬೇಕು.

ನಮ್ಮ ತಾಲೂಕುಗಳ ವಿದ್ಯಾಸಂಸ್ಥೆಗಳಿಗೂ ಇದರಲ್ಲಿ ಮಾಡತಕ್ಕ ಕೆಲಸವುಂಟು. ಬೆಂಗಳೂರಿನ ಆ ಶುದ್ಧಕೋಣೆಯು ಅಲ್ಲಿಯ ಪ್ರಾಧ್ಯಾಪಕರಿಗೆ ಮಾತ್ರ ಮೀಸಲಾದದ್ದಲ್ಲ. ದೇಶದ ಯಾವ ಕಾಲೇಜಿನ ಅಧ್ಯಾಪಕನೇ ಆಗಲಿ, ವಿದ್ಯಾರ್ಥಿಯೇ ಆಗಲಿ, ಅಲ್ಲಿ ತರಬೇತಿ ಪಡೆದು ತನ್ನ ಸಂಶೋಧನೆಗೆ ಅದನ್ನು ಬಳಸುವಂತೆ 2008ರಿಂದ ಸರಕಾರದ ಯೋಜನೆಯೊಂದು ನಡೆದುಬಂದಿದೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನ ಕಾಯಿಲೆ 2024ರಲ್ಲಿಯೂ ನಮ್ಮ ನೆರೆಯ ಸಿದ್ದಾಪುರ ತಾಲೂಕನ್ನು ಕಾಡಿತು. ಉಣ್ಣೆ ಕಚ್ಚಿದವನ ರಕ್ತದಲ್ಲಿ ಆ ವಿಷಾಣು ಉಂಟೋ ಇಲ್ಲವೋ ಎಂದು ಕಾಡಿನಂಚಿನ ಆರೋಗ್ಯ ಕೇಂದ್ರದಲ್ಲಿಯೇ ಹೇಳುವ ಪಟ್ಟಿಯು ಯಾರಿಗೆ ಬೇಕು? ನಮಗೆ ಬೇಕು. ಹೊನ್ನಾವರದ ಎಸ್. ಡಿ. ಎಂ. ಕಾಲೇಜಿನ ರಸಾಯನಶಾಸ್ತ್ರದವರೂ ಭಟ್ಕಳದ ಅಂಜುಮನ್ ಇಂಜಿನಿಯರಿಂಗ್ ಕಾಲೇಜಿನ ತರುಣರೂ ಕೂಡಿ ಈ ಪ್ರಶ್ನೆಯನ್ನು ಬರೆದು ಬೆಂಗಳೂರಿಗೆ ಅರ್ಜಿ ಕಳಿಸಲಿ. ಅರ್ಜಿಯ ಜೊತೆಗೆ ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ. ಅದು ನಮ್ಮ ಘಟ್ಟದ ಬುಡದಲ್ಲಿಯೇ ಇದೆ.