ಮರೆವಿನ ಕಾಯಿಲೆಗೆ ಅರಿಶಿನದ ನ್ಯಾನೊ ಮದ್ದು?

ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಳಿಸಿದ್ದಾನೆಂದು ನಂಬುವವರು ನಾವು. ಅದನ್ನು ಹುಡುಕುವುದು ಮನುಷ್ಯನ ಹೊಣೆ.

ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ನೆರವಾದೀತೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬಹುಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ. ಮೆದುಳಿನ ರಕ್ತನಾಳಗಳ ಬಿಗಿಯಾದ ಗೋಡೆಯನ್ನು ದಾಟುವುದು ಅತ್ಯಲ್ಪ. ಆದ್ದರಿಂದ ಅದನ್ನು ಕೊಬ್ಬಿನ ನ್ಯಾನೊ ಕಣಗಳೊಳಗೆ ತುಂಬಿ ಕಳುಹಿಸುವ ಪ್ರಯತ್ನ ನಡೆದಿದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗ.

ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಆಶಾದಾಯಕ ಫಲ ಕಂಡಿದೆ. ಮನುಷ್ಯರಲ್ಲಿ ಇನ್ನೂ ಸಾಬೀತಾಗಿಲ್ಲ. ಜಾಹೀರಾತು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸದಿರೋಣ.

"ಅಸರ್ ಬಾಂಗ್ ಆಯಿತಾ?" ಎಂದು ತಾಯಿ ಹತ್ತು ಸಲ ಕೇಳಿದರೂ, 'ಛೆ' ಎನ್ನದೆ ಹತ್ತು ಸಲವೂ ಉತ್ತರಿಸೋಣ.