ಬಿಟ್ಟು ಬಂದ ಮೇಲೆ

ದಾಂಡೇಲಿಯಲ್ಲಾಗಲಿ, ಜೋಯಿಡಾದ ಹಳ್ಳಿಯಲ್ಲಾಗಲಿ, ಹಿಂಸೆಯ ಮನೆಯನ್ನು ಬಿಟ್ಟು ಬಂದ ಹೆಣ್ಣುಮಗಳು ತಿಂಗಳೊಪ್ಪತ್ತಿನಲ್ಲೇ 'ಅವರು ಉಂಡರೋ ಇಲ್ಲವೋ' ಎಂದು ಕಣ್ಣೀರಿಟ್ಟರೆ ತವರಿನವರಿಗೆ ಸೋಜಿಗ. 'ಇನ್ನೂ ಬುದ್ಧಿ ಬರಲಿಲ್ಲವೇ?' ಎಂದೂ ಅಂದುಬಿಡುತ್ತಾರೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಒಮ್ಮೆ ಏಟು, ಒಮ್ಮೆ ಮಲ್ಲಿಗೆಯ ದಂಡೆ. ಯಾವಾಗ ಯಾವುದೆಂದು ತಿಳಿಯದ ಬಾಳು ಮನಸ್ಸನ್ನು ಬಲವಾಗಿ ಕಟ್ಟಿಹಾಕುತ್ತದೆಂದು ಕೆನಡಾದ ಮನಶ್ಶಾಸ್ತ್ರಜ್ಞರಾದ ಡಟನ್ ಮತ್ತು ಪೇಂಟರ್ 1981ರಲ್ಲಿಯೇ ವಿವರಿಸಿದರು. ನೆನಪು ಕಾಡಿತೆಂದು ಹಿಂದಿರುಗಬೇಕಾಗಿಲ್ಲ. ಮಾಯುವ ಗಾಯ ಕೆಲಕಾಲ ತುರಿಸುತ್ತದೆ.

ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೀವು ಕಂಡಿರಬಹುದು. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತಸುತ್ತ ಸೇರಿಸುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನೇ ಮಡಿಸಿ ಹೂವಿಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬರಿದು. ನೊಂದ ಮನಸ್ಸಿನ ಕೆಲಸವೂ ಅಂಚಿನಿಂದಲೇ ಆರಂಭ: ಹೊತ್ತಿಗೆ ಊಟ, ನಿದ್ದೆ, ತನ್ನದೆನ್ನುವ ನಾಲ್ಕು ಕಾಸಿನ ದುಡಿಮೆ, ಏನನ್ನೂ ಕೆದಕದೆ ಪಕ್ಕದಲ್ಲಿ ಕೂರುವ ಗೆಳತಿ. ನಡುವಿನ ನೋವಿಗೆ ಕೈಹಾಕುವುದು ಆಮೇಲೆ.

ಬೆದರಿಕೆ ಬೆನ್ನುಹತ್ತಿದ್ದರೆ ಮಾತ್ರ ಕಾಯಬಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ ರಕ್ಷಣೆಯ ಆದೇಶವನ್ನೂ ಜೀವನಾಂಶವನ್ನೂ ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ಸಂರಕ್ಷಣಾಧಿಕಾರಿ. ಕಚೇರಿಯ ಮೆಟ್ಟಿಲು ಹತ್ತಲು ಸಂಕೋಚವಾದರೆ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.